ಚಿಕ್ಕಮಗಳೂರಿನ ಹಕ್ಕಿಗೆ ‘ನೀಲಗಿರಿ’ ಅನ್ನೋ ಹೆಸರು ಯಾಕೆ?

ಗೆಳೆಯನೊಬ್ಬ ಮೊನ್ನೆ ಬಾಬಾಬುಡನ್‌ಗಿರಿ ಕಡೆ ಸುತ್ತಾಡಿ ಬಂದ. ಮಂಜು, ಜೀಪು, ಬಿಸಿ ಮೆಣಸಿನಕಾಯಿ ಬಜ್ಜಿ ಎಲ್ಲದರ ಫೋಟೊ ಕಳಿಸಿದ. ಕೊನೆಗೆ ಒಂದು ಮಸುಕು ಚಿತ್ರ. ಒದ್ದೆ ತರಗೆಲೆಗಳ ನಡುವೆ ಒಂದು ಪುಟ್ಟ ಹಕ್ಕಿ, ಬೂದು ಬೆರೆತ ನೀಲಿ ಬೆನ್ನು, ಇಟ್ಟಿಗೆ ಬಣ್ಣದ ಪಕ್ಕೆ. ಅರ್ಧ ದೇಹ ಚೌಕಟ್ಟಿನಿಂದ ಆಚೆಗೆ ಹೋಗಿಬಿಟ್ಟಿದೆ. “ಆ್ಯಪ್ ಇದನ್ನ ನೀಲಗಿರಿ ಶೋಲಾಕಿಳಿ ಅಂತಿದೆ ಮಾರಾಯ. ನಾನು ಹೋಗಿದ್ದು ಚಿಕ್ಕಮಗಳೂರಿಗೆ, ಊಟಿಗಲ್ಲ. ಆ್ಯಪ್ ಕೆಟ್ಟಿದೆಯಾ?” ಅಂತ ಕೇಳಿದ.

ಆ್ಯಪ್ ಕೆಟ್ಟಿಲ್ಲ. ಹಾಗಾದರೆ ನೀಲಗಿರಿಯ ಹೆಸರು ಚಿಕ್ಕಮಗಳೂರಿಗೆ ಬಂದದ್ದು ಹೇಗೆ? ‘ಕಿಳಿ’ ಅಂದರೆ ಏನು? ಇಲ್ಲಿಗೂ ಅಲ್ಲಿಗೂ ಅದು ಹಾರಾಡುತ್ತಾ ಇರುತ್ತದೆಯೇ? ಪಶ್ಚಿಮ ಘಟ್ಟಕ್ಕೆ ವಾರಾಂತ್ಯದಲ್ಲಿ ಹೋಗುವವರು ಜಾಸ್ತಿಯಾದ ಮೇಲೆ, ಫೋನಿನಲ್ಲೇ ಹಕ್ಕಿ ಗುರುತಿಸುವುದು ಸುಲಭವಾದ ಮೇಲೆ, ಇಂಥ ಪ್ರಶ್ನೆ ಬಹಳ ಜನಕ್ಕೆ ಬರುತ್ತಿದೆ. ಬುಡದಿಂದಲೇ ನೋಡೋಣ.

ಮೊದಲು ಹಕ್ಕಿಯ ಪರಿಚಯ

ಗಾತ್ರದಲ್ಲಿ ಇದು ಹೆಚ್ಚುಕಡಿಮೆ ಗುಬ್ಬಿಯಷ್ಟೇ, ಸುಮಾರು 15 ಸೆಂ.ಮೀ. ಆದರೆ ಮೈಕಟ್ಟು ಬೇರೆ. ಕಾಲು ಉದ್ದ, ಬಾಲ ಗಿಡ್ಡ, ರೆಕ್ಕೆಯೂ ಚಿಕ್ಕದು, ದುಂಡಗಿನದು. ಹೊಟ್ಟೆ ಬಿಳಿ. ಹೆಚ್ಚಿನ ಹೊತ್ತು ನೆಲದ ಮೇಲೆ ಅಥವಾ ನೆಲಕ್ಕೆ ಹತ್ತಿರದ ಪೊದೆಯಲ್ಲಿ ಇರುತ್ತದೆ. ನಾಲ್ಕು ಹೆಜ್ಜೆ ಕುಪ್ಪಳಿಸುತ್ತದೆ, ನಿಲ್ಲುತ್ತದೆ, ತರಗೆಲೆ ನಡುವಿನಿಂದ ಹುಳವೊಂದನ್ನು ಹೆಕ್ಕುತ್ತದೆ, ಮತ್ತೆ ಕುಪ್ಪಳಿಸುತ್ತದೆ. ಊಟ ಮುಖ್ಯವಾಗಿ ಹುಳಹುಪ್ಪಟೆ. ಗೂಡು ಮರದ ಪೊಟರೆಯಲ್ಲೋ ಮಣ್ಣಿನ ದರೆಯ ಸಂದಿನಲ್ಲೋ ಪಾಚಿಯಿಂದ ಕಟ್ಟಿದ್ದು. ಮೊಟ್ಟೆ ಸಾಮಾನ್ಯವಾಗಿ ಎರಡೇ.

ಇದು ‘ಹಾಡುಹಕ್ಕಿ’ಗಳ ಗುಂಪಿಗೆ ಸೇರಿದ್ದು. ಇಂಪಾಗಿ ಕೂಗುವ ಹಕ್ಕಿಗಳೆಲ್ಲ ಹಾಡುಹಕ್ಕಿ ಅಂದುಕೊಳ್ಳಬೇಡಿ. ಕೋಗಿಲೆ ಆ ಗುಂಪಲ್ಲ. ಕರ್ಕಶವಾಗಿ ಕೂಗುವ ಕಾಗೆ ಆ ಗುಂಪು! ಈ ಗುಂಪಿನ ಹಕ್ಕಿಗಳ ಧ್ವನಿಪೆಟ್ಟಿಗೆ ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ ಇರುತ್ತದೆ. ಅದನ್ನು ಆಡಿಸುವ ಸ್ನಾಯುಗಳು ಬಹಳ ಚುರುಕು. ಇನ್ನೊಂದು ಮುಖ್ಯ ಸಂಗತಿ, ಇವು ಹಾಡನ್ನು ಕಲಿಯುತ್ತವೆ. ಮಗು ಮನೆಮಾತು ಕಲಿತ ಹಾಗೆ, ಮರಿ ದೊಡ್ಡ ಹಕ್ಕಿಗಳನ್ನು ಕೇಳಿ ಕಲಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶೋಲಾ ಅಂದರೆ

ಮುಳ್ಳಯ್ಯನಗಿರಿಯ ತುದಿಯಿಂದ ಕೆಳಗೆ ನೋಡಿದ್ದೀರಾ? ಬೆಟ್ಟದ ಮೈಯೆಲ್ಲ ಹುಲ್ಲು. ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ, ನೀರು ಹರಿಯುವ ಕೊರಕಲುಗಳಲ್ಲಿ ಮಾತ್ರ ಕಡುಹಸಿರು ಕಾಡು. ಸೀರೆಯ ನೆರಿಗೆಯೊಳಗೆ ಯಾರೋ ಹಸಿರು ಒತ್ತರಿಸಿಟ್ಟ ಹಾಗೆ. ಆ ತುಂಡುಕಾಡೇ ಶೋಲಾ. ತಮಿಳಿನ ‘ಸೋಲೈ’ ಇಂಗ್ಲಿಷರ ಬಾಯಲ್ಲಿ ಶೋಲಾ ಆಗಿ, ಹಾಗೇ ನಮ್ಮಲ್ಲೂ ಉಳಿದಿದೆ.

ಒಳಗೆ ಹೋದರೆ ಬೇರೆಯದೇ ಲೋಕ. ಮರಗಳು ಗಿಡ್ಡ, ಸೊಟ್ಟ, ಮೈತುಂಬ ಪಾಚಿ. ಬಿಸಿಲು ನೆಲ ಮುಟ್ಟುವುದೇ ಕಷ್ಟ. ಮಳೆಗಾಲದಲ್ಲಿ ಇಂಬಳಗಳ ಕಾಟ ಹೇಳತೀರದು. ನೆಲದ ಮೇಲೆ ಕೊಳೆಯುವ ಎಲೆಗಳ ದಪ್ಪ ಹಾಸು, ಅದರೊಳಗೆ ಹುಳಗಳ ಸಂತೆ. ಶೋಲಾಕಿಳಿಗೆ ಬೇಕಾದದ್ದೆಲ್ಲ ಅಲ್ಲೇ ಇದೆ.

ಕಾಡು ಯಾಕೆ ಮಡಿಕೆಗಳಲ್ಲೇ ಉಳಿಯಿತು, ಹುಲ್ಲಿನ ಕಡೆ ಯಾಕೆ ಹರಡಲಿಲ್ಲ? ಹಿಂದೆ ಹಲವರು ಅಂದುಕೊಂಡದ್ದು ಹೀಗೆ: ಮೊದಲು ಎಲ್ಲವೂ ಕಾಡೇ ಆಗಿತ್ತು, ಮನುಷ್ಯ ಕಡಿದು ಸುಟ್ಟು ಹುಲ್ಲು ಬಂತು. ಹಾಗಲ್ಲ ಅನ್ನುವುದಕ್ಕೆ ಪುರಾವೆ ಸಿಕ್ಕಿದ್ದು ನೀಲಗಿರಿಯ ಜೌಗು ನೆಲದಲ್ಲಿ. ಅಲ್ಲಿ ಸಾವಿರಾರು ವರ್ಷಗಳ ಗಿಡಗಂಟಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿದೆ. ಅಲ್ಲಿನ ಹುಲ್ಲೂ ಮರವೂ ಗಾಳಿಯ ಇಂಗಾಲವನ್ನು ಹೀರುವ ರೀತಿ ಬೇರೆ ಬೇರೆ, ಅದರ ಗುರುತು ಪದರದಲ್ಲಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು ಈ ಗುರುತುಗಳನ್ನು ಓದಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ, ಭೂಮಿ ತಣ್ಣಗೆ ಒಣಗಿದ್ದ ಹೊತ್ತಿನಲ್ಲಿ, ಅಲ್ಲಿ ಹುಲ್ಲಿನದೇ ದರಬಾರು. ಆಮೇಲೆ ಹವೆ ಬದಲಾದಂತೆಲ್ಲ ಕಾಡು ಹಿಗ್ಗಿದೆ, ಕುಗ್ಗಿದೆ. ಅಂದರೆ ಹುಲ್ಲು ಅಲ್ಲಿಗೆ ಹೊಸದಲ್ಲ. ಈಗಲೂ ಬಯಲಿನಲ್ಲಿ ಚಳಿಗಾಲದ ರಾತ್ರಿ ಬೀಳುವ ಹಿಮ ಎಳೆ ಸಸಿಗಳನ್ನು ಸುಟ್ಟುಬಿಡುತ್ತದೆ. ಶೋಲಾ ಮರಗಳು ಮಡಿಕೆ ಬಿಟ್ಟು ಮೇಲೇಳದಿರಲು ಅದೂ ಒಂದು ಕಾರಣ.

ಈಗ ‘ಕಿಳಿ’. ಕನ್ನಡದ ‘ಗಿಳಿ’ಯ ಒಡಹುಟ್ಟಿದ ಪದ. ಮಲಯಾಳದಲ್ಲಿ ಕಿಳಿ ಅಂದರೆ ಬರೀ ಗಿಳಿಯಲ್ಲ, ಸಣ್ಣ ಹಕ್ಕಿ ಯಾವುದಾದರೂ ಸರಿ. ಶೋಲಾಕಿಳಿ ಅಂದರೆ ಶೋಲಾ ಕಾಡಿನ ಪುಟ್ಟ ಹಕ್ಕಿ, ಅಷ್ಟೇ.

ಲಿಂಗನಮಕ್ಕಿಯ ನಡುಗಡ್ಡೆಗಳು

ಈ ಹಕ್ಕಿಯ ಬಗ್ಗೆ ಓದುವಾಗ ‘ಆಕಾಶ ದ್ವೀಪ’ ಅನ್ನುವ ಮಾತು ಪದೇ ಪದೇ ಬರುತ್ತದೆ. ಕವಿತೆಯ ಸಾಲಿನ ಹಾಗೆ ಕೇಳಿಸುತ್ತದೆ, ಆದರೆ ಇದು ವಿಜ್ಞಾನಿಗಳು ದಿನವೂ ಬಳಸುವ ಪದ.

ಶರಾವತಿ ಹಿನ್ನೀರನ್ನು ನೆನೆಸಿಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಮೊದಲು ಅಲ್ಲಿದ್ದದ್ದು ಗುಡ್ಡ, ಕಣಿವೆ, ಊರು, ಗದ್ದೆ. ನೀರು ತುಂಬಿದ ಮೇಲೆ ಕಣಿವೆ ಮುಳುಗಿತು, ಗುಡ್ಡದ ತಲೆ ಮಾತ್ರ ನಡುಗಡ್ಡೆಯಾಗಿ ಉಳಿಯಿತು. ಬೇಸಿಗೆಯಲ್ಲಿ ನೀರು ಇಳಿದರೆ ಎರಡು ನಡುಗಡ್ಡೆಯ ನಡುವೆ ನೆಲ ಕಾಣುತ್ತದೆ, ನಡೆದೇ ದಾಟಬಹುದು. ಮಳೆ ಬಂದು ನೀರು ಏರಿದರೆ ಮತ್ತೆ ಬೇರೆ ಬೇರೆ.

ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳೂ ಹೀಗೇ. ಅಲ್ಲಿ ನೀರಿನ ಬದಲು ಬೆಚ್ಚಗಿನ ಗಾಳಿ. ಸಾವಿರ ಮೀಟರ್ ಮೇಲೆ ಹತ್ತಿದರೆ ಸುಮಾರು ಆರು ಡಿಗ್ರಿ ತಂಪು ಹೆಚ್ಚುತ್ತದೆ. ಶೋಲಾ ಬೆಳೆಯುವುದು ಆ ತಂಪಿನಲ್ಲಿ ಮಾತ್ರ. ಕೆಳಗಿನ ಬಿಸಿ, ಅಲ್ಲಿನ ಬೇರೆ ಥರದ ಕಾಡು, ತೋಟ, ಊರು ಇವೆಲ್ಲ ಶೋಲಾಕಿಳಿಯ ಪಾಲಿಗೆ ಹಿನ್ನೀರಿದ್ದ ಹಾಗೆ. ಬಾಬಾಬುಡನ್ ಸಾಲು ಒಂದು ನಡುಗಡ್ಡೆ. ಕೊಡಗು–ವಯನಾಡಿನ ಗಡಿಯ ಬ್ರಹ್ಮಗಿರಿ ಇನ್ನೊಂದು. ನೀಲಗಿರಿ ದೊಡ್ಡದೊಂದು. ಅದರ ತೆಂಕಣಕ್ಕೆ ಆನೆಮಲೆ, ಪಳನಿ, ಇನ್ನೂ ಕೆಳಗೆ ಅಗಸ್ತ್ಯಮಲೆ ಇರುವ ಅಶಾಂಬು ಬೆಟ್ಟಗಳು.

ಈ ನಡುಗಡ್ಡೆಗಳ ನಡುವಿನ ‘ನೀರು’ ಎಲ್ಲ ಕಡೆ ಒಂದೇ ಆಳವಲ್ಲ. ಎಲ್ಲಕ್ಕಿಂತ ಆಳ, ಅಗಲ ಇರುವುದು ಪಾಲಕ್ಕಾಡ್ ಕಣಿವೆ. ಕೊಯಮತ್ತೂರಿನಿಂದ ಕೇರಳಕ್ಕೆ ರೈಲಿನಲ್ಲಿ ಹೋದವರಿಗೆ ಗೊತ್ತು, ಘಟ್ಟ ಹತ್ತಿ ಇಳಿದದ್ದೇ ತಿಳಿಯುವುದಿಲ್ಲ. ಎರಡು ಸಾವಿರ ಮೀಟರ್ ದಾಟುವ ಬೆಟ್ಟಗಳ ಸಾಲು ಅಲ್ಲಿ ಸುಮಾರು 30 ಕಿ.ಮೀ. ಅಗಲಕ್ಕೆ ಮುರಿದುಬಿದ್ದಿದೆ. ಇನ್ನೂ ತೆಂಕಣದಲ್ಲಿ ಸೆಂಗೋಟೈ ಕಣಿವೆ, ಇದಕ್ಕಿಂತ ಕಿರಿದು.

ರೆಕ್ಕೆ ಇದೆಯಲ್ಲ, ಹಾರಿ ದಾಟಬಾರದೇ?

ನನ್ನ ಗೆಳೆಯ ಕೇಳಿದ ಎರಡನೇ ಪ್ರಶ್ನೆ ಇದೇ. ಸೈಬೀರಿಯಾದಿಂದ ಬಾತುಕೋಳಿ ಬರುತ್ತವೆ, ಇದಕ್ಕೆ 30 ಕಿ.ಮೀ. ಆಗಲ್ವಾ?

ಆಗುವುದಿಲ್ಲ. ದೂರ ಹಾರುವ ಹಕ್ಕಿಗಳ ರೆಕ್ಕೆ ಉದ್ದ, ತುದಿ ಚೂಪು. ಶೋಲಾಕಿಳಿಯ ರೆಕ್ಕೆ ಪೊದೆಯಿಂದ ಪೊದೆಗೆ ಚಿಮ್ಮಲು ಸಾಕಾಗುವಷ್ಟಿದೆ. ಪೇಟೆಯ ಸಂದಿಗೊಂದಿಯಲ್ಲಿ ಓಡುವ ಆಟೋ ತಗೊಂಡು ದಿಲ್ಲಿಗೆ ಹೊರಟ ಹಾಗಾದೀತು. ಜೊತೆಗೆ, ನೆರಳಿನಲ್ಲೇ ಹುಟ್ಟಿ ಬೆಳೆದ ಹಕ್ಕಿ ಬಿಸಿಲ ಬಯಲಿಗೆ ಬರಲೇ ಹಿಂಜರಿಯುತ್ತದೆ. ಬಯಲಿನಲ್ಲಿ ಗಿಡುಗನ ಕಣ್ಣು, ಅಡಗಲು ಜಾಗವಿಲ್ಲ, ತಿನ್ನಲು ಗೊತ್ತಿರುವ ಹುಳವೂ ಇಲ್ಲ.

ಕಾಡಿನ ಅಡಿಯಲ್ಲೇ ಬದುಕುವ ಹಕ್ಕಿಗಳು ಎಷ್ಟು ಕಡಿಮೆ ಹಾರಬಲ್ಲವು ಅನ್ನುವುದನ್ನು ಪನಾಮಾದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಾಟುನ್ ಸರೋವರದ ಮೇಲೆ ದೋಣಿಯಿಂದ ಹಕ್ಕಿಗಳನ್ನು ಹಾರಿಬಿಟ್ಟರು. ದಡಕ್ಕೆ ಇದ್ದ ದೂರ ನೂರು, ಇನ್ನೂರು, ಮುನ್ನೂರು ಮೀಟರ್. ಕೆಲವು ಜಾತಿಯವು ನೂರು ಮೀಟರ್ ಕೂಡ ಹಾರಲಾಗದೆ ನೀರಿಗೆ ಬಿದ್ದವು. (ಎತ್ತಿಕೊಳ್ಳಲು ಜನ ಇದ್ದರು, ಗಾಬರಿ ಬೇಡ.) ಅವು ನಮ್ಮ ಶೋಲಾಕಿಳಿಗಳಲ್ಲ, ಆದರೆ ಬದುಕುವ ರೀತಿ ಇದೇ ಥರದ್ದು. ರೆಕ್ಕೆ ಇದ್ದ ಮಾತ್ರಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವುದು ಕೆಳಗೆ ನಿಂತು ನೋಡುವ ನಮ್ಮ ಊಹೆ ಅಷ್ಟೇ.

ರಕ್ತದ ಹನಿಯಲ್ಲಿ ಬರೆದದ್ದು

ದಾಟಲಾಗದ ಎರಡು ಕಡೆ ಒಂದೇ ಜಾತಿಯ ಹಕ್ಕಿಗಳು ಲಕ್ಷಾಂತರ ವರ್ಷ ಉಳಿದರೆ ಏನಾಗುತ್ತದೆ?

ಹಳೆಯ ಕಾಲದ ಓಲೆಗರಿ ಹಸ್ತಪ್ರತಿಗಳ ವಿಷಯ ಕೇಳಿರಬಹುದು. ಒಬ್ಬ ಲಿಪಿಕಾರ ಮೂಲ ನೋಡಿ ನಕಲು ಮಾಡುತ್ತಾನೆ, ಒಂದೆರಡು ಅಕ್ಷರ ತಪ್ಪುತ್ತದೆ. ಆ ನಕಲಿನಿಂದ ಇನ್ನೊಬ್ಬ ಬರೆಯುತ್ತಾನೆ. ಹಳೆಯ ತಪ್ಪು ಹಾಗೇ ಉಳಿದು ಹೊಸ ತಪ್ಪು ಸೇರುತ್ತದೆ. ಒಂದೇ ಕಾವ್ಯದ ಪ್ರತಿ ಮೈಸೂರು ಕಡೆ ಒಂದು, ಧಾರವಾಡದ ಕಡೆ ಒಂದು ಇದ್ದರೆ, ಎರಡರಲ್ಲೂ ಇರುವ ತಪ್ಪುಗಳನ್ನು ಹೋಲಿಸಿ ಯಾವುದು ಯಾವುದರಿಂದ ಬಂತು, ಯಾವಾಗ ಬೇರೆಯಾಯಿತು ಅಂತ ವಿದ್ವಾಂಸರು ಹೇಳಬಲ್ಲರು.

ಡಿಎನ್‌ಎ ಕೂಡ ಇಂಥ ಪ್ರತಿಯೇ. ಅಪ್ಪ ಅಮ್ಮನಿಂದ ಮರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಕಣಿವೆಯ ಎರಡು ಕಡೆಯ ಹಕ್ಕಿಗಳು ಕೂಡುತ್ತಿದ್ದರೆ ಈ ಬದಲಾವಣೆ ಬೆರೆತುಹೋಗುತ್ತದೆ. ಕೂಡದಿದ್ದರೆ ಎರಡು ಕಡೆಯ ಪ್ರತಿಗಳು ದೂರ ದೂರ ಸರಿಯುತ್ತವೆ. ವ್ಯತ್ಯಾಸ ಜಾಸ್ತಿ ಅಂದರೆ ಬೇರೆಯಾಗಿ ಬಹಳ ಕಾಲವಾಯಿತು ಅಂತ.

ಇದನ್ನು ಓದಲು ಹಕ್ಕಿಯನ್ನು ಕೊಲ್ಲಬೇಕಾಗಿಲ್ಲ. ಕೂದಲೆಳೆಯಷ್ಟು ತೆಳ್ಳಗಿನ ಬಲೆ ಕಟ್ಟಿ, ಸಿಕ್ಕ ಹಕ್ಕಿಯ ರೆಕ್ಕೆಯ ನರದಿಂದ ತುಸು ರಕ್ತ ತೆಗೆದು, ಹಾರಿಬಿಡುತ್ತಾರೆ. ಹಕ್ಕಿ ವಿಜ್ಞಾನಿ ವಿ. ವಿ. ರಾಬಿನ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ಮತ್ತು ಜೊತೆಗಾರರು ಪಶ್ಚಿಮ ಘಟ್ಟದ ಎತ್ತರದ ಒಂಬತ್ತು ಜಾಗಗಳಲ್ಲಿ ಹೀಗೆ ಕೆಲಸ ಮಾಡಿದರು. 2015ರಲ್ಲಿ ಬಂದ ಅವರ ವರದಿಯಲ್ಲಿ 23 ಜಾತಿಯ 356 ಹಕ್ಕಿಗಳ ಲೆಕ್ಕವಿದೆ. 23ರಲ್ಲಿ 10 ಜಾತಿಗಳಲ್ಲಿ ಎಲ್ಲಕ್ಕಿಂತ ಹಳೆಯ ಬಿರುಕು ಕಂಡದ್ದು ಪಾಲಕ್ಕಾಡ್ ಕಣಿವೆಯ ಎರಡು ಬದಿಗೆ. ಆ ಹತ್ತರಲ್ಲಿ ಕೆಲವು ಕಿರಿದಾದ ಕಣಿವೆಗಳ ಎರಡು ಬದಿಗೂ ಬೇರೆಯಾಗಿವೆ, ಆದರೆ ಆಮೇಲೆ. ದೊಡ್ಡ ಗೋಡೆ ಮೊದಲು, ಸಣ್ಣ ಗೋಡೆ ನಂತರ.

ಉಳಿದ 13? ಅವುಗಳಿಗೆ ಕಣಿವೆ ಅಂಥ ಅಡ್ಡಿಯಾಗಿ ಕಾಣಲಿಲ್ಲ. ಒಂದೇ ಹಿನ್ನೀರು ಒಬ್ಬರಿಗೆ ಕಡಲು, ಈಜು ಬಲ್ಲವರಿಗೆ ಹೊಳೆ.

ಈ ಬಿರುಕುಗಳು ಮೂಡಿದ ಕಾಲವೂ ಎಲ್ಲದಕ್ಕೂ ಒಂದೇ ಅಲ್ಲ. ಹೆಚ್ಚಿನವು ಹಿಮಯುಗಗಳು ಬಂದು ಹೋಗುತ್ತಿದ್ದ ಕಾಲದವು. ಲಿಂಗನಮಕ್ಕಿಯಲ್ಲಿ ನೀರು ಏರಿ ಇಳಿದ ಹಾಗೆ, ಆಗ ಹವೆ ಏರಿ ಇಳಿಯುತ್ತಿತ್ತು. ಎತ್ತರದ ಕಾಡುಗಳು ಒಮ್ಮೆ ಹತ್ತಿರ ಬಂದು, ಒಮ್ಮೆ ದೂರವಾಗಿ, ಹಕ್ಕಿಗಳನ್ನು ಮತ್ತೆ ಮತ್ತೆ ಬೇರೆ ಮಾಡಿವೆ.

ಮೂರು ಬಾಡಿಗೆ ಮನೆ ಸುತ್ತಿದ ಹೆಸರು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಮದರಾಸು ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡಾನ್ ನೀಲಗಿರಿಯಲ್ಲಿ ಕಂಡ ಈ ಹಕ್ಕಿಗೆ 1844ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟ. ಹೊಸ ಹಕ್ಕಿ ಕಂಡಾಗ ಮೊದಲು ಮಾಡುವ ಕೆಲಸ, ಇದು ಯಾರ ನೆಂಟ ಅಂತ ಯೋಚಿಸುವುದು. ಅವನು ಕೆಂಬಾಲದ ಹಕ್ಕಿಗಳ ಜೊತೆ ಸೇರಿಸಿದ. ಆಮೇಲಿನವರು ಗಿಡ್ಡ ರೆಕ್ಕೆ ನೋಡಿ ಹಿಮಾಲಯ ಮತ್ತು ಅದರಾಚೆಯ ‘ಶಾರ್ಟ್‌ವಿಂಗ್’ಗಳ ಮನೆಗೆ ಕಳಿಸಿದರು. ಅಲ್ಲೇ ಬಹಳ ಕಾಲ ಉಳಿಯಿತು. ಮತ್ತೆ ಕೆಲವರು ‘ನೀಲಿ ರಾಬಿನ್’ ಅಂದರು. ಹಳೆಯ ಪುಸ್ತಕ ಒಂದು ಹೆಸರು, ಹೊಸ ಪುಸ್ತಕ ಇನ್ನೊಂದು ಹೆಸರು ಹೇಳುವುದಕ್ಕೆ ಕಾರಣ ಇದೇ.

2017ರಲ್ಲಿ ವಿಜ್ಞಾನಿ ವಿ. ವಿ. ರಾಬಿನ್ ಮತ್ತು ಜೊತೆಗಾರರು ಡಿಎನ್‌ಎ ಹೋಲಿಸಿ ನೋಡಿದಾಗ, ಈ ಹಕ್ಕಿ ಶಾರ್ಟ್‌ವಿಂಗ್‌ಗಳ ನೆಂಟನೇ ಅಲ್ಲ ಅನ್ನುವುದು ಖಾತ್ರಿಯಾಯಿತು. ಅದು ಏಷ್ಯಾದ ನೀಲಿ ನೊಣಹಿಡುಕಗಳ ಕಡೆಯದು, ಆದರೆ ಅವುಗಳಿಂದಲೂ ಬಹಳ ಹಿಂದೆಯೇ ಬೇರೆಯಾಗಿ ಇಲ್ಲೇ ತನ್ನ ವಂಶ ಬೆಳೆಸಿದೆ. ಬೇರೆ ಯಾರ ಮನೆಗೂ ಹೊಂದದ್ದರಿಂದ ಹೊಸ ಕುಲವನ್ನೇ ಮಾಡಿದರು. ಹೆಸರು ‘ಶೋಲಿಕೋಲಾ’, ಅಂದರೆ ಶೋಲಾದಲ್ಲಿ ವಾಸಿಸುವುದು. ಕೊನೆಗೂ ಸ್ವಂತ ಮನೆ.

ಆ ಮನೆಯಲ್ಲಿ ಮೂವರಿದ್ದಾರೆ. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ, ಪಕ್ಕೆಯಲ್ಲಿ ಇಟ್ಟಿಗೆ ಬಣ್ಣ ಇರುವ ನೀಲಗಿರಿ ಶೋಲಾಕಿಳಿ. ಪಾಲಕ್ಕಾಡ್‌ಗೂ ಸೆಂಗೋಟೈಗೂ ನಡುವೆ, ಆನೆಮಲೆ–ಪಳನಿಯಲ್ಲಿ, ಆ ಬಣ್ಣವಿಲ್ಲದೆ ಇನ್ನೂ ಗಾಢ ನೀಲಿಯ ಬಿಳಿಹೊಟ್ಟೆ ಶೋಲಾಕಿಳಿ. ಸೆಂಗೋಟೈಯ ತೆಂಕಣಕ್ಕೆ ಅಶಾಂಬು ಶೋಲಾಕಿಳಿ. ಇದು 2017ರಲ್ಲೇ ಹೊಸ ಜಾತಿಯಾಗಿ ದಾಖಲಾಯಿತು.

ಹಾಗಾಗಿ ಗೆಳೆಯನಿಗೆ ನಾನು ಕೊಟ್ಟ ಉತ್ತರ: ‘ನೀಲಗಿರಿ’ ಅನ್ನುವುದು ಹಕ್ಕಿಯ ವಿಳಾಸವಲ್ಲ, ಅದನ್ನು ಮೊದಲು ದಾಖಲಿಸಿದ ಊರಿನ ಗುರುತು. ಪಾಲಕ್ಕಾಡ್‌ನ ಬಡಗಣಕ್ಕೆ ನೀಲಗಿರಿ, ಬ್ರಹ್ಮಗಿರಿ, ಬಾಬಾಬುಡನ್ ಬೆಟ್ಟ ಎಲ್ಲ ಕಡೆ ಇರುವುದು ಒಂದೇ ಜಾತಿ. ನಾವು ‘ನೀಲಗಿರಿ ಮರ’ ಅನ್ನುವುದಂತೂ ಆಸ್ಟ್ರೇಲಿಯಾದ್ದು. ಅದರ ಮುಂದೆ ಹಕ್ಕಿಯ ಹೆಸರು ಎಷ್ಟೋ ವಾಸಿ.

ಇಲ್ಲೊಂದು ಸ್ವಾರಸ್ಯ. ಇದೇ ಕಾಡುಗಳಲ್ಲಿ ‘ಚಿಲಪ್ಪನ್’ ಅನ್ನುವ ಇನ್ನೊಂದು ಹಕ್ಕಿ ಕುಲವಿದೆ. ಅದಕ್ಕೂ 2017ರಲ್ಲೇ ಹೊಸ ಕುಲದ ಹೆಸರು ಸಿಕ್ಕಿತು. ಅದರಲ್ಲಿ ನಾಲ್ಕು ಜಾತಿ. ಬ್ರಹ್ಮಗಿರಿ ಕಡೆಯ ಚಿಲಪ್ಪನ್ ಬೇರೆ ಜಾತಿ, ನೀಲಗಿರಿಯದ್ದು ಬೇರೆ ಜಾತಿ. ಶೋಲಾಕಿಳಿ ಮಾತ್ರ ಆ ಎರಡೂ ಕಡೆ ಒಂದೇ. ಬೆಟ್ಟಗಳು ಅವೇ, ಕಣಿವೆಗಳೂ ಅವೇ, ಕತೆ ಮಾತ್ರ ಒಂದೊಂದು ಹಕ್ಕಿಗೆ ಒಂದೊಂದು.

ಹಾಡಿಗೂ ಊರಿನ ಸೊಗಡು

ಹಾಡನ್ನು ಕಲಿಯುತ್ತವೆ ಅಂದೆನಲ್ಲ. ಕಲಿಯುವ ಮಾತು ಊರಿನಿಂದ ಊರಿಗೆ ಬದಲಾಗುತ್ತದೆ. ಮಂಗಳೂರು ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ. ಬಿಳಿಹೊಟ್ಟೆ ಶೋಲಾಕಿಳಿಯ ಹಾಡುಗಳನ್ನು ಬೇರೆ ಬೇರೆ ಬೆಟ್ಟಗಳಲ್ಲಿ ಧ್ವನಿಮುದ್ರಿಸಿ ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಬಂತು. ಹಳೆಯ ಕಣಿವೆಗಳಿಂದ ಬೇರೆಯಾದ ಹಕ್ಕಿಗಳ ಹಾಡಿನಲ್ಲಿ ವ್ಯತ್ಯಾಸ ಕಂಡಿತು, ಅದು ನಿರೀಕ್ಷಿಸಿದ್ದೇ. ಆದರೆ ಇತ್ತೀಚೆಗೆ ಕಾಡು ಕಡಿದದ್ದರಿಂದ ಬೇರೆಯಾದ ಹಕ್ಕಿಗಳ ಹಾಡೂ ಬದಲಾಗಿತ್ತು. ಬದಲಾದ ಗುಣಗಳು ಮಾತ್ರ ಬೇರೆ ಬೇರೆ. ಡಿಎನ್‌ಎ ಬದಲಾಗಲು ಬಹಳ ಕಾಲ ಬೇಕು. ಕಲಿಯುವ ಹಾಡು ಕೆಲವೇ ತಲೆಮಾರಿನಲ್ಲಿ ಬೇರೆಯಾಗಬಹುದು.

ನಡುಗಡ್ಡೆ ಕಿರಿದಾದರೆ

ಹಳೆಯ ಗೋಡೆಗಳನ್ನು ಕಣಿವೆ ಕಟ್ಟಿತು. ಹೊಸ ಗೋಡೆಗಳನ್ನು ಕಟ್ಟಿದ್ದು ನಾವು. ಬ್ರಿಟಿಷರ ಕಾಲದಿಂದ ಎತ್ತರದ ಬೆಟ್ಟಗಳಲ್ಲಿ ಚಹಾ ತೋಟ, ನೀಲಗಿರಿ ಮರ, ಪೈನ್, ತೊಗಲು ಹದ ಮಾಡಲು ತೊಗಟೆ ಕೊಡುವ ವ್ಯಾಟಲ್ ಮರಗಳ ನೆಡುತೋಪು ಎದ್ದವು. ವ್ಯಾಟಲ್ ನೆಟ್ಟಲ್ಲೇ ಉಳಿಯುವುದಿಲ್ಲ, ತಾನಾಗೇ ಹುಲ್ಲುಗಾವಲಿಗೆ ನುಗ್ಗುತ್ತದೆ. ಉಪಗ್ರಹ ಚಿತ್ರಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಳನಿ ಬೆಟ್ಟಗಳಲ್ಲಿ ಸುಮಾರು ನಾಲ್ಕು ದಶಕದಲ್ಲಿ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಹೋಗಿದೆ. ಶೋಲಾಕಿಳಿ ಹುಲ್ಲಿನ ಹಕ್ಕಿಯಲ್ಲ. ಆದರೆ ಅದರ ಶೋಲಾವೂ ಇದೇ ಬೆಟ್ಟಗಳಲ್ಲಿ ತುಂಡಾಗಿದೆ.

ಇನ್ನೊಂದು, ಬಿಸಿ. ಭೂಮಿ ಬಿಸಿಯಾದರೆ ನಮ್ಮ ಹಿನ್ನೀರಿನ ಮಟ್ಟ ಏರಿದ ಹಾಗೆ. ತಂಪು ಬೇಕಾದ ಹಕ್ಕಿ ಮೇಲಕ್ಕೆ ಸರಿಯಬೇಕು. ಬೆಟ್ಟ ಮೇಲೆ ಹೋದಂತೆ ಕಿರಿದಾಗುತ್ತದೆ. ಬಾಬಾಬುಡನ್ ಸಾಲಿನ ತುದಿ, ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಅದರ ಮೇಲೆ ಇನ್ನು ಆಕಾಶವೇ. ಪೆರು ದೇಶದ ಒಂದು ಬೆಟ್ಟದಲ್ಲಿ 1985ರಲ್ಲಿ ಎಣಿಸಿದ ಹಕ್ಕಿಗಳನ್ನು 2017ರಲ್ಲಿ ಮತ್ತೆ ಹುಡುಕಿದರು. ಅತಿ ಎತ್ತರದಲ್ಲಿದ್ದ ಕೆಲವು ಜಾತಿಗಳು ಸಿಗಲೇ ಇಲ್ಲ.

ಜಗತ್ತಿನ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ನೀಲಗಿರಿ ಶೋಲಾಕಿಳಿ ‘ಅಪಾಯದಲ್ಲಿದೆ’ ಅನ್ನುವ ವರ್ಗದಲ್ಲಿದೆ. ಬಿಳಿಹೊಟ್ಟೆಯದ್ದಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯ.

ನೋಡಲು ಹೋಗುವವರಿಗೆ

ಹುಡುಕಿಕೊಂಡು ಶೋಲಾ ಒಳಗೆ ನುಗ್ಗುವುದು ಬೇಡ. ಬೆಳಗಿನ ಜಾವ ಶೋಲಾದ ಅಂಚಿನಲ್ಲಿ ಸುಮ್ನೆ ನಿಂತರೆ ಹಾಡು ಕೇಳುವ ಅವಕಾಶ ಹೆಚ್ಚು. ಕಣ್ಣಿಗೆ ಬೀಳಬೇಕಾದರೆ ನೋಟ ಕೊಂಬೆಯ ಮೇಲಲ್ಲ, ನೆಲದ ಮೇಲಿರಲಿ. ಫೋನಿನಲ್ಲಿ ಅದರದೇ ಹಾಡು ಹಾಕಿ ಕರೆಯುವ ಅಭ್ಯಾಸ ಕೆಲವರಿಗಿದೆ. ಹಕ್ಕಿಗೆ ಅದು ಕೇಳಿಸುವುದು ‘ನಿನ್ನ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆ’ ಅಂತ. ಹುಳ ಹೆಕ್ಕುವುದು, ಮರಿಗೆ ಗುಟುಕು ಕೊಡುವುದು ಬಿಟ್ಟು, ಇಲ್ಲದ ಶತ್ರುವಿನ ಜೊತೆ ಜಗಳಕ್ಕೆ ಬರುತ್ತದೆ.

ಗೆಳೆಯ ಇದೆಲ್ಲ ಕೇಳಿ, “ಸರಿ, ಹಾಗಾದರೆ ಫೋಟೊ ಕೆಳಗೆ ನೀಲಗಿರಿ ಶೋಲಾಕಿಳಿ, ಚಿಕ್ಕಮಗಳೂರು ಅಂತಲೇ ಬರೀತೀನಿ” ಅಂದ. ಬರೆದ. ಅದಕ್ಕೆ ಬಂದ ಮೊದಲ ಪ್ರತಿಕ್ರಿಯೆ: “ಊಟಿಗೆ ಯಾವಾಗ ಹೋಗಿದ್ದೆ?”